ರಾತ್ರಿ ಜೇಡದ ಚಿತ್ರ ತೆಗೆಯಲು ದೊಡ್ಡ ಫ್ಲಾಶ್ ಬೇಕೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಹಳೆಯ ಕ್ಯಾಮೆರಾಕ್ಕೆ ತೀರ ಹತ್ತಿರದಿಂದ ಚಿತ್ರ ತೆಗೆಯುವ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಕೊಂಡೆ. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಸಣ್ಣ ಫ್ಲಾಶ್ ಮೊದಲೇ ಇತ್ತು. ಧಾರವಾಡದ ಕೆಲಗೇರಿ ಕಡೆ ನೆಂಟರ ಮಾವಿನ ತೋಟವಿದೆ, ಅಲ್ಲಿ ಮೂರು ನಾಲ್ಕು ರಾತ್ರಿ ಸುತ್ತಾಡಿದೆ. ನೂರಾರು ಚಿತ್ರ ತೆಗೆದರೂ ಒಂದೂ ಮನಸ್ಸಿಗೆ ಬರಲಿಲ್ಲ. ಹಿನ್ನೆಲೆ ಪೂರ್ತಿ ಕಪ್ಪು, ಹುಳುವಿನ ಬೆನ್ನ ಮೇಲೆ ಸುಣ್ಣ ಬಳಿದಂತೆ ಬಿಳಿ ಕಲೆ, ಕಣ್ಣು ಮಸುಕು. ಇನ್ನೂ ಶಕ್ತಿಯುಳ್ಳ ಫ್ಲಾಶ್ ಕೊಳ್ಳಬೇಕೇ? ಯಾವ ಕಾಲದಲ್ಲಿ, ಎಲ್ಲಿಗೆ ಹೋಗಬೇಕು? ಹನ್ನೊಂದು ವರ್ಷದ ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ, ಕರೆದೊಯ್ಯಬಹುದೇ?

ಉತ್ತರ: ಕೊಳ್ಳಬೇಡಿ, ಮಾಸ್ತರರೇ. ನಿಮ್ಮ ಬಳಿ ಇರುವ ಫ್ಲಾಶಿನ ಶಕ್ತಿಯೇ ಈ ಕೆಲಸಕ್ಕೆ ಹೆಚ್ಚಾಯಿತು. ನೀವು ಹೇಳಿದ ಮೂರು ದೋಷಗಳಲ್ಲಿ ಮೊದಲೆರಡು ಬೆಳಕು ಇರುವ ಜಾಗದಿಂದ ಮತ್ತು ಅದರ ಅಗಲದಿಂದ ಬಂದವು. ಮೂರನೆಯದು, ಅಂದರೆ ಮಸುಕು ಕಣ್ಣು, ಬಹುಪಾಲು ಅವಸರದಿಂದ ಬಂದದ್ದು. ನೀವು ರಾತ್ರಿಯಿಡೀ ತೋಟ ಸುತ್ತುತ್ತಿದ್ದೀರಿ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ.

ಬಿಳಿ ಕಲೆಯಿಂದ ಆರಂಭಿಸುತ್ತೇನೆ. ದುಂಬಿಯ ಬೆನ್ನು, ಜೇಡದ ಕಣ್ಣು, ಇರುವೆಯ ತಲೆ ಇವೆಲ್ಲ ಪುಟ್ಟ ಉಬ್ಬುಗನ್ನಡಿಗಳು. ಕನ್ನಡಿಯಲ್ಲಿ ಮೂಡುವುದು ದೀಪದ ಆಕಾರವೇ. ಬೆಂಕಿಪೊಟ್ಟಣದಷ್ಟು ಅಗಲದ ಫ್ಲಾಶ್ ಒಂದಡಿ ದೂರದಿಂದ ಮಿಂಚಿದರೆ ಆ ಕನ್ನಡಿಯಲ್ಲಿ ಮೂಡುವುದು ಸುಡುವ ಒಂದು ಚುಕ್ಕೆ. ಅದೇ ಬೆಳಕನ್ನು ಊಟದ ತಟ್ಟೆಯಷ್ಟು ಅಗಲ ಮಾಡಿ ಹುಳುವಿನಿಂದ ನಾಲ್ಕಾರು ಬೆರಳು ದೂರಕ್ಕೆ ತಂದರೆ ಚುಕ್ಕೆ ಹರಡಿ ತಿಳಿಯಾಗುತ್ತದೆ, ಅದರ ಕೆಳಗಿನ ಬಣ್ಣ ಕಾಣಿಸುತ್ತದೆ. ಹುಳುವಿಗೆ ಆ ಬೆಳಕು ಮೋಡ ಕವಿದ ಆಕಾಶದಷ್ಟು ವಿಶಾಲವಾಗಿರಬೇಕು.

ಇದಕ್ಕೆ ಅಂಗಡಿಯ ಸಾಮಾನು ಬೇಡ. ಧಾರವಾಡದ ಪೇಢೆಯ ಒಂದು ಕಿಲೋ ರಟ್ಟಿನ ಡಬ್ಬಿಯಿಂದ ನಾನು ಮಾಡಿಕೊಂಡದ್ದನ್ನು ಇಂದಿಗೂ ಬಳಸುತ್ತೇನೆ. ಡಬ್ಬಿಯ ಒಂದು ಬದಿಯಲ್ಲಿ ಫ್ಲಾಶಿನ ತಲೆ ಹಿಡಿಯುವಷ್ಟು ಕಿಂಡಿ ಕೊರೆಯಿರಿ. ಒಳಗೆಲ್ಲ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಹುಳುವಿನ ಕಡೆಗೆ ಬರುವ ಬದಿಯನ್ನು ಕತ್ತರಿಸಿ ತೆಗೆದು ಅಲ್ಲಿ ಬಟರ್ ಪೇಪರ್ ಹಚ್ಚಿ. ಅದರಿಂದ ಎರಡು ಬೆರಳು ಮುಂದೆ ಇನ್ನೊಂದು ಪದರ ಬರಲಿ: ಟಿವಿ, ಮಿಕ್ಸರ್ ಪೆಟ್ಟಿಗೆಗಳಲ್ಲಿ ಸುತ್ತಿ ಕಳಿಸುವ ತೆಳುವಾದ ಬಿಳಿ ಫೋಮ್ ಹಾಳೆ ಇದಕ್ಕೆ ಬಲು ಚೆನ್ನ. ಎರಡು ಪದರಗಳ ನಡುವಿನ ಆ ಖಾಲಿ ಜಾಗವೇ ಮುಖ್ಯ. ಮೊದಲ ಪದರ ಬೆಳಕನ್ನು ಚೆದುರಿಸುತ್ತದೆ. ಚೆದುರಿದ ಬೆಳಕು ಖಾಲಿ ಜಾಗವನ್ನು ದಾಟುವಷ್ಟರಲ್ಲಿ ಹರಡಿಕೊಂಡು ಎರಡನೆಯ ಪದರವನ್ನು ಅಂಚಿನಿಂದ ಅಂಚಿಗೆ ತುಂಬುತ್ತದೆ. ಎರಡೂ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ನಡುವೆ ಮತ್ತೆ ಅದೇ ಬಿಸಿ ಚುಕ್ಕೆ ಉಳಿಯುತ್ತದೆ. ಇಡೀ ಡಬ್ಬಿ ಲೆನ್ಸಿನ ಮುಂದೆ ಚಪ್ಪರದಂತೆ ಚಾಚಿ ಸ್ವಲ್ಪ ಕೆಳಗೆ ಬಾಗಿರಲಿ. ನಿಮ್ಮ ಲೆನ್ಸ್ ಹುಳುವನ್ನು ಅದರ ನಿಜ ಅಳತೆಯಲ್ಲಿ, ಅಂದರೆ ಕ್ಯಾಮೆರಾದ ಸೆನ್ಸರಿನ ಮೇಲೆ ಹುಳುವಿನಷ್ಟೇ ದೊಡ್ಡ ಬಿಂಬ ಬೀಳುವಂತೆ, ಹಿಡಿಯುವಾಗ ಲೆನ್ಸಿನ ಮೂತಿಗೂ ಹುಳುವಿಗೂ ಸುಮಾರು 14 ಸೆಂ.ಮೀ. ಅಂತರವಿರುತ್ತದೆ. ಆ ಅಂತರದ ಮೇಲೆಯೇ ಚಪ್ಪರ ಬರಬೇಕು.

ಸರಿಯಾಗಿದೆಯೇ ಎಂದು ತಿಳಿಯಲು ತೋಟಕ್ಕೆ ಹೋಗಬೇಕಿಲ್ಲ. ಅಡುಗೆಮನೆಯಲ್ಲಿ ದೀಪ ಆರಿಸಿ ಸ್ಟೀಲ್ ಚಮಚದ ಬೆನ್ನಿನ ಚಿತ್ರ ತೆಗೆಯಿರಿ. ಚಮಚದಲ್ಲಿ ನಿಮ್ಮ ಫೋಮ್ ಹಾಳೆ ಸಮನಾದ ಬಿಳುಪಿನಲ್ಲಿ ಕಂಡರೆ ಕೆಲಸ ಮುಗಿಯಿತು. ನಡುವೆ ಕಣ್ಣು ಕುಕ್ಕುವ ಬೊಟ್ಟು ಕಂಡರೆ ಪದರಗಳನ್ನು ಇನ್ನಷ್ಟು ದೂರ ಮಾಡಿ.

ಈಗ ಅಂಕಿಗಳು. ಕ್ಯಾಮೆರಾ ಪೂರ್ತಿ ಮ್ಯಾನುಯಲ್, ಐಎಸ್‌ಒ 200 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ ಸೆಕೆಂಡಿನ 1/160 ಅಥವಾ 1/200 ಪಾಲು, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/11; ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು. ಫ್ಲಾಶ್ ಕೂಡ ಮ್ಯಾನುಯಲ್‌ನಲ್ಲೇ, 1/16 ಶಕ್ತಿಗೆ. ಅಲ್ಲಿಂದ ಚಿತ್ರ ನೋಡಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಮಾಡಿಕೊಳ್ಳಿ. ಫ್ಲಾಶಿನ ಶಕ್ತಿ ಕಡಿಮೆಯಾದಷ್ಟೂ ಮಿಂಚಿನ ಅವಧಿ ಕಿರಿದಾಗುತ್ತದೆ. 1/16, 1/32ರಲ್ಲಿ ಅದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಕೈ ನಡುಗಿದರೂ, ಎಲೆ ಸ್ವಲ್ಪ ತೂಗಿದರೂ ಚಿತ್ರದಲ್ಲಿ ಎಲ್ಲವೂ ನಿಂತಿರುತ್ತದೆ. ಪೂರ್ಣ ಶಕ್ತಿಯಲ್ಲಿ ಉರಿಸಿದರೆ ಮಿಂಚು ಹಲವು ಪಟ್ಟು ಹೊತ್ತು ಉಳಿದು ಆ ಅಲುಗಾಟವನ್ನು ಹಿಡಿದುಬಿಡುತ್ತದೆ, ಸೆಲ್ಲುಗಳೂ ಬೇಗ ಬರಿದಾಗುತ್ತವೆ. ದೊಡ್ಡ ಫ್ಲಾಶ್ ಬೇಡವೆಂದು ನಾನು ಇಷ್ಟು ಒತ್ತಿ ಹೇಳಲು ಇದೇ ಕಾರಣ.

ಕಪ್ಪು ಹಿನ್ನೆಲೆಯ ಲೆಕ್ಕ ನಿಮಗೆ ಹೊಸದಲ್ಲ, ತರಗತಿಯಲ್ಲಿ ನೀವೇ ಕಲಿಸುತ್ತೀರಿ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಫ್ಲಾಶಿನಿಂದ ಹುಳು 15 ಸೆಂ.ಮೀ. ದೂರದಲ್ಲಿದ್ದು, ಹಿಂದಿನ ಗಿಡ ಒಂದೂವರೆ ಮೀಟರ್ ದೂರದಲ್ಲಿದ್ದರೆ ಗಿಡಕ್ಕೆ ಸಿಗುವುದು ನೂರರಲ್ಲಿ ಒಂದು ಪಾಲು ಬೆಳಕು. ಅದೇ ಹಿಂದಿನ ಎಲೆ ಫ್ಲಾಶಿನಿಂದ 30 ಸೆಂ.ಮೀ.ಗೆ ಬಂದರೆ ನಾಲ್ಕರಲ್ಲಿ ಒಂದು ಪಾಲು ಸಿಗುತ್ತದೆ, ಅಷ್ಟು ಸಾಕು, ಹಸಿರು ತಿಳಿಯಾಗಿ ಮೂಡುತ್ತದೆ. ಆದ್ದರಿಂದ ಹುಳುವಿನ ಎದುರು ಕೂತ ಮೇಲೆ ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ಅದರ ಹಿಂದೆ ಒಂದು ಎಲೆ ಬರುವಂತೆ ನೋಡಿಕೊಳ್ಳಿ. ಹಾಗೆಂದು ಕಪ್ಪನ್ನು ಪೂರ್ತಿ ದೂರಬೇಡಿ. ಬಲೆಯ ಎಳೆಗಳನ್ನು ತೋರಿಸಲು ಕಪ್ಪಿಗಿಂತ ಒಳ್ಳೆಯ ಹಿನ್ನೆಲೆ ನನಗೆ ಸಿಕ್ಕಿಲ್ಲ.

ಕಣ್ಣು ಮಸುಕಾಗುವುದಕ್ಕೆ ಬರುತ್ತೇನೆ. ನಿಜ ಅಳತೆಯಲ್ಲಿ, ಎಫ್/11ರಲ್ಲಿ, ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಎಫ್/22 ಇಟ್ಟರೆ ಆಳ ಹೆಚ್ಚುತ್ತದಲ್ಲವೇ ಎಂದು ಕೇಳಬಹುದು. ಆದರೆ ಇಷ್ಟು ಹತ್ತಿರದಲ್ಲಿ ಲೆನ್ಸಿನ ಎಫ್/11 ಕೆಲಸದಲ್ಲಿ ಎಫ್/22ರಂತೆ ನಡೆಯುತ್ತದೆ. ಇನ್ನೂ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯಿಂದ, ಅಂದರೆ ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಿಂದೆ ಸರಿಯುವುದು ಇದಕ್ಕಿಂತ ಒಳ್ಳೆಯ ಉಪಾಯ. ಅರ್ಧ ಅಳತೆಗೆ ಇಳಿದರೆ ಸ್ಪಷ್ಟತೆಯ ಆಳ ಮೂರು ಪಟ್ಟಾಗುತ್ತದೆ. ಮೊದಲ ಆರು ತಿಂಗಳು ಅರ್ಧ ಅಳತೆಯನ್ನು ಮೀರಲೇಬೇಡಿ. ಫೋಕಸ್ ಉಂಗುರವನ್ನು ಆ ಅಳತೆಗೆ ನಿಲ್ಲಿಸಿ, ಆಟೋಫೋಕಸ್ ಆರಿಸಿ, ಮೈಯನ್ನೇ ಮುಂದೆ ಹಿಂದೆ ತೂಗಿ ಕಣ್ಣು ಚುರುಕಾದ ಕ್ಷಣ ಗುಂಡಿ ಒತ್ತಿ. ಎಡಗೈಯ ಹೆಬ್ಬೆರಳು ತೋರುಬೆರಳಿನಲ್ಲಿ ಹುಳುವಿರುವ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಅದೇ ಕೈಯ ಮೇಲೆ ಲೆನ್ಸಿನ ಮೂತಿಯನ್ನು ಇಡಲು ಅಭ್ಯಾಸ ಮಾಡಿಕೊಳ್ಳಿ. ಆಗ ಗಾಳಿಗೆ ಕಡ್ಡಿ, ಕೈ, ಕ್ಯಾಮೆರಾ ಮೂರೂ ಒಟ್ಟಿಗೆ ತೂಗುತ್ತವೆ. ಬಲೆಯಲ್ಲಿರುವ ಜೇಡಕ್ಕೆ ಮಾತ್ರ ಇದು ನಡೆಯದು, ಕಡ್ಡಿ ಮುಟ್ಟಿದರೆ ಬಲೆ ಅದಕ್ಕೆ ಸುದ್ದಿ ಮುಟ್ಟಿಸಿಬಿಡುತ್ತದೆ. ಜೇಡ ಕೈಕಾಲು ಚಾಚಿ ಕೂತ ಸಮತಲಕ್ಕೆ ಕ್ಯಾಮೆರಾದ ಬೆನ್ನನ್ನು ಸಮಾನಾಂತರ ಹಿಡಿದರೆ ಆ ಒಂದೆರಡು ಮಿಲಿಮೀಟರಿನಲ್ಲೇ ಎಂಟು ಕಾಲೂ ಬರುತ್ತವೆ.

ಇಷ್ಟು ಕೈಗೆ ಹತ್ತಿದ ಮೇಲೆ ಉಳಿಯುವುದು ನಡಿಗೆಯ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಚಿತ್ರಗಳು ಬದಲಾದದ್ದು ಇಲ್ಲಿಂದಲೇ. ಮೊದಲ ಮಳೆಗಾಲದಲ್ಲಿ ನಾನೂ ರಾತ್ರಿಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದೆ. ಒಮ್ಮೆ ಪಾದ ಉಳುಕಿ ವಾರವಿಡೀ ಮನೆಯಲ್ಲೇ ಇರಬೇಕಾಯಿತು. ಅಂಗಳದಲ್ಲಿ ಇದ್ದದ್ದು ಒಂದು ಕಣಗಿಲ ಗಿಡ. ಸಂಜೆ ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತೆ.

ಏಳು ಗಂಟೆಯ ಹೊತ್ತಿಗೆ ಎಲೆಯ ಮರೆಯಿಂದ ಕಂದು ಬಣ್ಣದ ಜೇಡವೊಂದು ಇಳಿದು ಬಲೆ ನೇಯತೊಡಗಿತು. ಮೊದಲು ಚೌಕಟ್ಟು, ಆಮೇಲೆ ಗಾಡಿಯ ಗಾಲಿಯ ಅರೆಗಳಂತೆ ನಡುವಿನಿಂದ ಹೊರಟ ಎಳೆಗಳು. ಬಳಿಕ ನಡುವಿನಿಂದ ಹೊರಕ್ಕೆ ಅಂಟಿಲ್ಲದ ಒಂದು ಸಡಿಲ ಸುರುಳಿ. ಅದು ಕಟ್ಟಡಕ್ಕೆ ಕಟ್ಟುವ ಸಾರವೆಯಂತೆ, ನಿಂತು ಕೆಲಸ ಮಾಡಲು ಮಾತ್ರ. ಕೊನೆಗೆ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ ಹಾಕುತ್ತ, ಸಾರವೆಯನ್ನು ಕಿತ್ತುಕೊಳ್ಳುತ್ತ ಬಂತು. ಸುಮಾರು ಒಂದು ಗಂಟೆಯೊಳಗೆ ಎಲ್ಲ ಮುಗಿದು ತಲೆ ಕೆಳಗಾಗಿ ನಡುವೆ ನೆಲೆಸಿತು. ಬೆಳಗಿನ ಜಾವ ಎದ್ದು ನೋಡಿದರೆ ಬಲೆಯನ್ನೆಲ್ಲ ಸುತ್ತಿ ತಿನ್ನುತ್ತಿತ್ತು. ಈ ಜಾತಿಯ ಜೇಡಗಳು ಹಗಲಿಗೆ ಬಲೆ ಉಳಿಸುವುದು ಕಡಿಮೆ, ನೂಲಿನ ಪ್ರೋಟೀನು ಮರುದಿನದ ನೇಯ್ಗೆಗೆ ಬೇಕು. ಅದೇ ಗಿಡದಲ್ಲಿ ಹಳದಿ ಸಸ್ಯಹೇನುಗಳ ಹಿಂಡು ಕಂಡಿತು. ತುದಿಯ ಎಲೆಗಳನ್ನು ಕಣಗಿಲ ಪತಂಗದ ಕೀಡೆ ಮುಕ್ಕುತ್ತಿತ್ತು, ತಲೆಯ ಹಿಂದೆ ಎರಡು ನೀಲಿ ಕಣ್ಣುಗಳ ಗುರುತು. ಎಲೆಯೊಂದರ ಅಡಿಯಲ್ಲಿ ಬಿಳಿ ರೇಷ್ಮೆಯ ಪುಟ್ಟ ಚೀಲ ಕಟ್ಟಿಕೊಂಡು ಜಿಗಿಯುವ ಜೇಡ ಮಲಗಿತ್ತು. ಹಗಲೆಲ್ಲ ಕೈಗೆ ಸಿಗದೆ ನೆಗೆಯುವ ಪ್ರಾಣಿ ಅದು! ನಾಲ್ಕು ರಾತ್ರಿ ಆ ಗಿಡದ ಮುಂದೆಯೇ ಕೂತೆ. ಅಷ್ಟು ದಿನದ ನಡಿಗೆಯಲ್ಲಿ ಸಿಗದ ಚಿತ್ರಗಳು ಸಿಕ್ಕವು.

ಆದ್ದರಿಂದ ನಿಮ್ಮ ನೆಂಟರ ತೋಟದಲ್ಲಿ ಐದು ಮರ ಆರಿಸಿಕೊಳ್ಳಿ, ಆರನೆಯದಕ್ಕೆ ಹೋಗಬೇಡಿ. ಆಪೂಸಿನ ಕಾಂಡದ ಮೇಲೆ ಎರಡು ಬಾಲದ ಜೇಡ ತೊಗಟೆಗೆ ಚಪ್ಪಟೆಯಾಗಿ ಒತ್ತಿಕೊಂಡಿರುತ್ತದೆ. ಟಾರ್ಚನ್ನು ಕಾಂಡಕ್ಕೆ ಓರೆಯಾಗಿ ಹಿಡಿದರೆ ಅದರ ನೆರಳು ಮೊದಲು ಕಾಣುತ್ತದೆ. ಕೆಂಪಿರುವೆಯ ಎಲೆಗೂಡುಗಳಿರುವ ಮರದಲ್ಲಿ ಇರುವೆಯನ್ನೇ ಹೋಲುವ ಒಂದು ಜಿಗಿಯುವ ಜೇಡವಿದೆ, ಮುಂಗಾಲೆರಡನ್ನು ಮೀಸೆಯಂತೆ ಎತ್ತಿ ತಿರುಗುತ್ತದೆ. ಕಾಲು ಎಣಿಸಿದರೆ ಗುಟ್ಟು ಬಯಲು. ಬೇಲಿಯ ಒಣ ಕಡ್ಡಿಗಳಲ್ಲಿ ನೀಲಿ ಪಟ್ಟೆಯ ಗಂಡು ಜೇನ್ನೊಣಗಳು ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಸಾಲಾಗಿ ನಿದ್ರಿಸುತ್ತವೆ. ಹುಲ್ಲಿನ ದಂಟಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ತೂಗಿಕೊಂಡಿರುತ್ತವೆ. ಕಲಿಯುವವರು ಇಂಥ ಮಲಗಿದ ಜೀವಗಳಿಂದ ಆರಂಭಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮ್ಯಾಂಟಿಸ್ ಸಿಕ್ಕರೆ ಕಣ್ಣು ನೋಡಿ. ಹಗಲು ಹಸಿರಾಗಿದ್ದ ಕಣ್ಣು ರಾತ್ರಿ ಕಪ್ಪಗಾಗಿರುತ್ತದೆ. ಒಳಗಿನ ವರ್ಣಕಣಗಳು ಸರಿದು ಹೆಚ್ಚು ಬೆಳಕನ್ನು ಬಿಟ್ಟುಕೊಳ್ಳುವುದರಿಂದ ಹಾಗಾಗುತ್ತದೆ, ಜಾತಿ ಬೇರೆಯೆಂದು ತಿಳಿಯಬೇಡಿ.

ಕಾಲದ ವಿಷಯ. ಮೃಗಶಿರಾ ಮಳೆ ಬಿದ್ದು ರೆಕ್ಕೆಗೆದ್ದಲು ಏಳುವ ರಾತ್ರಿ ಹಬ್ಬದಂತಿರುತ್ತದೆ, ತಿನ್ನಲು ಬರುವ ಜೇಡಗಳೆಲ್ಲ ಹೊರಗೆ ಬಂದಿರುತ್ತವೆ. ಆಮೇಲೆ ಜುಲೈ, ಆಗಸ್ಟ್ ತಿಂಗಳ ಪಡುವಣ ಗಾಳಿ ಧಾರವಾಡದ ದಿಣ್ಣೆಗಳಲ್ಲಿ ಎಲೆಯನ್ನು ನಿಲ್ಲಗೊಡುವುದಿಲ್ಲ. ಆ ಎರಡು ತಿಂಗಳು ಗೋಡೆಯ ಮರೆ, ಬೇಲಿಯ ಒಳಬದಿ ಹುಡುಕಿ. ಹಸ್ತಾ, ಚಿತ್ತಾ ಮಳೆಗಳ ನಡುವಿನ ಬಿಡುವು ಮತ್ತು ಅವುಗಳ ನಂತರದ ದಿನಗಳು, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ, ನಮ್ಮ ಭಾಗದ ಅತ್ಯುತ್ತಮ ಕಾಲ. ಗಾಳಿ ಬಿದ್ದಿರುತ್ತದೆ, ಜೇಡಗಳು ಬಲಿತು ದೊಡ್ಡದಾಗಿರುತ್ತವೆ, ಬೆಳಗಿನ ಐದರ ಇಬ್ಬನಿಯಲ್ಲಿ ಮಲಗಿದ ಹುಳುಗಳ ಮೈಮೇಲೆ ಹನಿಗಳು ಪೋಣಿಸಿಕೊಂಡಿರುತ್ತವೆ. ಗದಗ, ನವಲಗುಂದ ಕಡೆಯ ಎರೆಹೊಲಕ್ಕೆ ಮಾತ್ರ ಮಳೆಯಾದ ಎರಡು ಮೂರು ದಿನ ಕಾಲಿಡಬೇಡಿ. ಬೂಟಿಗೆ ಮಣ್ಣು ಮೆತ್ತಿ ಹೆಜ್ಜೆ ಎತ್ತಲಾಗುವುದಿಲ್ಲ, ಬದುವೂ ಹಾಳಾಗುತ್ತದೆ.

ಪತಂಗ ಬೇಕಿದ್ದರೆ ಅಮಾವಾಸ್ಯೆಯ ಆಸುಪಾಸು ಬಿಳಿ ಧೋತರ ಕಟ್ಟಿ ದೀಪ ಹಚ್ಚಿ. ಹುಳುಗಳು ಬೆಳಕನ್ನು ಬಯಸಿ ಬರುತ್ತವೆ ಎಂಬ ನಂಬಿಕೆಯನ್ನು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬದಲಿಸಿತು: ಆಕಾಶ ಮೇಲಿದೆ ಎಂದು ತಿಳಿಯಲು ಅವು ಬೆನ್ನನ್ನು ಬೆಳಕಿನ ಕಡೆ ತಿರುಗಿಸುತ್ತವೆ, ದೀಪದ ಹತ್ತಿರ ಆ ಅಭ್ಯಾಸವೇ ಅವನ್ನು ಸುತ್ತಿಸಿ ಸಿಕ್ಕಿಸುತ್ತದೆ. ಎಂದರೆ ನಮ್ಮ ಧೋತರದ ಮೇಲೆ ಇರುವವು ದಾರಿ ತಪ್ಪಿದ ಜೀವಗಳು. ಎರಡು ಗಂಟೆಗಿಂತ ಹೆಚ್ಚು ಉರಿಸಬೇಡಿ. ಬೆಳಗಿನವರೆಗೆ ಬಿಟ್ಟರೆ ಕಾಜಾಣಗಳು ಬಂದು ಎಲ್ಲವನ್ನೂ ಹೆಕ್ಕಿ ತಿನ್ನುತ್ತವೆ. ಕಿತ್ತಳೆ, ಕಪ್ಪು ಪಟ್ಟೆಯ ಸಣಕಲು ದುಂಬಿಯೊಂದು ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಮೈಮೇಲೆ ಕೂತರೆ ಊದಿ ಹಾರಿಸಿ, ಉಜ್ಜಬೇಡಿ. ಜಜ್ಜಿದರೆ ಅದರ ರಸ ತಾಗಿ ಚರ್ಮ ಸುಟ್ಟಂತೆ ಬೊಬ್ಬೆಯೇಳುತ್ತದೆ.

ಎಲ್ಲಿಗೆ ಹೋಗಬಾರದು ಎಂಬುದನ್ನೂ ಹೇಳಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ರಾಣೆಬೆನ್ನೂರಿನದು ಕೃಷ್ಣಮೃಗಗಳ ಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಅಲ್ಲಿ ಕಾಲಿಡುವುದು ಅಪರಾಧ. ಹೊಲಗಳಿಗೆ ಹೋಗುವುದಾದರೆ ಸಂಜೆಯೇ ಒಡೆಯರಿಗೆ ತಿಳಿಸಿ. ರಾತ್ರಿ ಟಾರ್ಚ್ ಹಿಡಿದು ಓಡಾಡುವವರನ್ನು ಊರಿನವರು ಕಳ್ಳರೆಂದು ತಿಳಿದರೆ ತಪ್ಪು ಅವರದಲ್ಲ. ಔಷಧ ಯಾವಾಗ ಹೊಡೆದಿದ್ದಾರೆ ಎಂದು ಕೇಳಿ, ಹೊಸದಾಗಿ ಸಿಂಪಡಿಸಿದ ಹತ್ತಿ, ಮೆಣಸಿನಕಾಯಿ ಹೊಲಗಳಿಂದ ದೂರವಿರಿ. ಕಲಘಟಗಿ, ಹಾನಗಲ್ ಕಡೆಯ ಗೋವಿನಜೋಳದ ಹೊಲವಾದರೆ ಹಂದಿಗೆಂದು ಎಳೆದ ತಂತಿಗೆ ಕರೆಂಟ್ ಕೊಟ್ಟಿದ್ದಾರೆಯೇ ಎಂದು ತಪ್ಪದೆ ಕೇಳಿ. ಆ ಭಯ ಹಾವಿನ ಭಯಕ್ಕಿಂತ ದೊಡ್ಡದು.

ಹಾವಿನ ಭಯವೂ ಇದೆ. ಕಟ್ಟುಹಾವು, ಕೊಳಕುಮಂಡಲ ಎರಡೂ ರಾತ್ರಿ ಸಂಚಾರಿಗಳು. ಮೊಣಕಾಲವರೆಗಿನ ಗಮ್ ಬೂಟು, ದಪ್ಪ ಪ್ಯಾಂಟು ಕಡ್ಡಾಯ. ಮಂಡಿಯೂರುವ ಮೊದಲು ಊರುವ ಜಾಗಕ್ಕೆ ಬೆಳಕು ಹಾಯಿಸಿ. ಕಲ್ಲಿನಡಿ, ಎರೆಮಣ್ಣಿನ ಬಿರುಕಿನಲ್ಲಿ ಕೈ ಹಾಕಬೇಡಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡವೇ ಬೇಡ; ಕೈಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆ ಸೇರಿ. ಕೆಂಪು ಚೇಳಿನ ಕುಟುಕು ಮಕ್ಕಳ ಹೃದಯಕ್ಕೆ ಅಪಾಯಕಾರಿ. ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಮಾತ್ರೆಯ ಚಿಕಿತ್ಸೆಯನ್ನು ತೋರಿಸಿಕೊಟ್ಟ ಮೇಲೆ ಸಾವುಗಳು ಬಹಳ ಇಳಿದವು. ಆದರೆ ಆ ಚಿಕಿತ್ಸೆ ಬೇಗ ಸಿಗಬೇಕು, ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು.

ಇನ್ನೊಂದು ಮಾತು ನನಗೆ ನೋವಿನದು. ಅಲುಗಾಡಬಾರದೆಂದು ಹುಳುಗಳನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಎಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವವರಿದ್ದಾರೆ. ಕಾಲುಗಳು ಸಹಜವಾಗಿ ಮಡಿಸಿರುವುದಿಲ್ಲ, ಮೀಸೆಗಳು ಜೋತಿರುತ್ತವೆ, ಪಳಗಿದ ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಮಕ್ಕಳಿಗೆ ವಿಜ್ಞಾನ ಕಲಿಸುವವರು ಆ ದಾರಿ ಹಿಡಿಯಲಾರಿರಿ ಎಂದು ನಂಬಿದ್ದೇನೆ. ಬಲೆಗೆ ನೀರು ಚಿಮುಕಿಸುವುದೂ ಬೇಡ, ಇಬ್ಬನಿ ತಾನೇ ಬರುತ್ತದೆ. ಕೂದಲುಳ್ಳ ದೊಡ್ಡ ಬಿಲಜೇಡ ಕಂಡರೆ ಜಾಗದ ಹೆಸರನ್ನು ಯಾರಿಗೂ ಹೇಳಬೇಡಿ, ಅವನ್ನು ಹಿಡಿದು ಮಾರುವವರಿದ್ದಾರೆ. ಗುರುತು ತಿಳಿಯಲು ಒಂದೇ ಜೀವದ ಮುಖ, ಬೆನ್ನು, ಪಕ್ಕ ಮೂರೂ ತೆಗೆದು ಜೀವಿಗಳ ಗುರುತು ಹೇಳುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಜೇಡಗಳಲ್ಲಿ ಕುಲದವರೆಗೆ ಹೆಸರು ಸಿಕ್ಕರೂ ತೃಪ್ತಿಪಡಿ. ಹಲವನ್ನು ಜಾತಿಯವರೆಗೆ ಗುರುತಿಸಲು ಸೂಕ್ಷ್ಮದರ್ಶಕವೇ ಬೇಕು.

ಮಗಳನ್ನು ಖಂಡಿತ ಕರೆದೊಯ್ಯಿರಿ. ಅವಳಿಗೂ ಬೂಟು ಇರಲಿ, ನಿಮ್ಮ ಹೆಜ್ಜೆಯ ಹಿಂದೆಯೇ ನಡೆಯಲಿ, ಎಂಟರೊಳಗೆ ಮನೆ ಸೇರಿ. ಮೊದಲ ರಾತ್ರಿ ಕ್ಯಾಮೆರಾ ಕೊಡಬೇಡಿ, ಟಾರ್ಚ್ ಕೊಡಿ. ಟಾರ್ಚನ್ನು ಕಣ್ಣಿನ ಪಕ್ಕಕ್ಕೆ, ಕಿವಿಯ ಮಟ್ಟದಲ್ಲಿ ಹಿಡಿದು ಹುಲ್ಲಿನ ಮೇಲೆ ದೂರಕ್ಕೆ ಹಾಯಿಸಲು ಹೇಳಿ. ನೆಲದಲ್ಲಿ ಹಸಿರು ಬೆರೆತ ಬಿಳುಪಿನ ಕಿಡಿಗಳು ಮಿನುಗುತ್ತವೆ. ಅವು ಇಬ್ಬನಿಯ ಹನಿಗಳಲ್ಲ, ತೋಳ ಜೇಡದ ಕಣ್ಣುಗಳು. ಕಣ್ಣಿನೊಳಗಿನ ಪದರವೊಂದು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಕಿಡಿಗಳೆಲ್ಲ ಮಾಯ. ಏಕೆ ಮಾಯವಾದವು ಎಂದು ಅವಳನ್ನೇ ಕೇಳಿ, ಉತ್ತರ ಹೇಳಿಕೊಡಬೇಡಿ. ಒಂದು ಕಿಡಿಯನ್ನು ಕಣ್ಣು ಕೀಲಿಸಿ ಹಿಂಬಾಲಿಸಿ ಹತ್ತಿರ ಹೋದರೆ, ಹೆಣ್ಣಾಗಿದ್ದು ಕಾಲ ಕೂಡಿಬಂದಿದ್ದರೆ, ಬೆನ್ನ ತುಂಬ ಮರಿಗಳನ್ನು ಹೊತ್ತಿರುತ್ತದೆ. ಆಗ ಮಂಡಿಯೂರಿ, ಅರ್ಧ ಅಳತೆ, ಎಫ್/11, ಪೇಢೆ ಡಬ್ಬಿಯನ್ನು ಸ್ವಲ್ಪ ಮುಂದೆ ಬಾಗಿಸಿ. ಟಾರ್ಚ್ ಮಗಳ ಕೈಯಲ್ಲೇ ಇರಲಿ.